ಜೇಬಿನ ಮೂರನೆಯ ತೋಟೆ

ಈ ಸಲ ಬಹ್ರೇನಿನ ಮನಾಮಾಕ್ಕೆ ಬಂದದ್ದು ಎರಡು ದಿನದ ಕೆಲಸಕ್ಕೆ. ರಂಜಾನ್ ತಿಂಗಳು ಎಂಬುದು ಟಿಕೆಟ್ ಮಾಡಿಸುವಾಗ ಹೊಳೆದಿರಲಿಲ್ಲ. ಮೊದಲ ದಿನ ಸಂಜೆ ಮೀಟಿಂಗ್ ಮುಗಿಸಿ, ಹಿಂದೆ ನಾನಿದ್ದ ಗುಫೂಲ್‌ನ ಕಟ್ಟಡ ಹೇಗಿದೆಯೋ ನೋಡೋಣವೆಂದು ನಡೆದೇ ಹೊರಟೆ. ಮನೆ ಸೇರುವ ಆತುರದ ಕಾರುಗಳೆಲ್ಲ ಓಡಿ ಮುಗಿದು ಬೀದಿ ಬಿಕೋ ಎನ್ನುತ್ತಿತ್ತು. ಯಾವುದೋ ಕಿಟಕಿಯಿಂದ ಗೋಧಿ, ಮಾಂಸ ಒಟ್ಟಿಗೆ ಬೇಯುವ ಹರೀಸ್‌ನ ವಾಸನೆ. ಅಷ್ಟರಲ್ಲಿ ಫಿರಂಗಿ ಸಿಡಿಯಿತು. ಸೂರ್ಯ ಮುಳುಗಿದ, ಉಪವಾಸ ಬಿಡಬಹುದು ಎಂದು ಸಾರುವ ಫಿರಂಗಿ. ಕೋಟೆಯಿಂದ ಕೇಳಿತೋ ಮನೆಮನೆಯ ಟೀವಿಯಿಂದಲೋ ಹೇಳಲಾರೆ. ನನ್ನ ಬಲಗೈ ತಾನಾಗಿ ಕೋಟಿನ ಜೇಬಿಗೆ ಹೋಯಿತು. ಹೋಟೆಲಿನ ಕಾರ್ಡು ಬಿಟ್ಟು ಅದರಲ್ಲಿ ಏನೂ ಇರಲಿಲ್ಲ. ಆದರೂ ಬೆರಳು ಒಂದು ತಣ್ಣಗಿನ ಹಿತ್ತಾಳೆಯ ಅಂಚನ್ನು ಮುಟ್ಟಿ ನೋಡಿದ ಹಾಗಾಯಿತು.

ಈ ದ್ವೀಪ ನನ್ನನ್ನು ಒಂದು ಚಳಿಗಾಲ ಮತ್ತು ಅರ್ಧ ಬೇಸಿಗೆ ಹಿಡಿದಿಟ್ಟುಕೊಂಡಿತ್ತು. ಅದನ್ನು ಬರೆಯಲು ಕೂತಿದ್ದೇನೆ. ಬರೆಯುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ಆಮೇಲೆ ನಾನೇ ಸೇರಿಸಿಕೊಂಡದ್ದು ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಇಲ್ಲ ಎಂಬುದನ್ನು ಆ ಕಾಲವೇ ನನಗೆ ಕಲಿಸಿತು.

ನಾನು ಮೈಸೂರಿನವನು. ಸಂಖ್ಯಾಶಾಸ್ತ್ರ ಓದಿ, ಮನಾಮಾದ ಒಂದು ವಿಮಾ ಕಂಪೆನಿಯಲ್ಲಿ ಯಾವ ಅನಾಹುತ ಎಷ್ಟು ಸಾರಿ ಆದೀತು ಎಂದು ಲೆಕ್ಕ ಹಾಕುತ್ತಿದ್ದೆ. ಹೆಂಡತಿ ದೇಚಮ್ಮ ಕೊಡಗಿನವಳು, ವಿಶ್ವವಿದ್ಯಾಲಯದಲ್ಲಿ ನನ್ನ ಸಹಪಾಠಿ. ಆ ವರ್ಷ ಅವಳು ಬಸುರಿ. ಡಿಸೆಂಬರಿನಲ್ಲಿ ಹುತ್ತರಿ ಹಬ್ಬಕ್ಕೆಂದು ಇಬ್ಬರೂ ಅವಳ ತವರಿಗೆ ಹೋದೆವು. ಅವಳು ಹೆರಿಗೆಯ ತನಕ ಅಲ್ಲೇ ಉಳಿಯುವುದು, ನಾನೊಬ್ಬನೇ ಬಹ್ರೇನಿಗೆ ಮರಳಿ, ಏಪ್ರಿಲ್‌ನಲ್ಲಿ ರಜೆ ಹಾಕಿ ಮತ್ತೆ ಅಲ್ಲಿಗೆ ಹೋಗುವುದು ಎಂದು ಮಾತಾಗಿತ್ತು.

ಕೊಡವರ ಮನೆಯಲ್ಲಿ ಕೋವಿ ಎಂದರೆ ಆಯುಧ ಮಾತ್ರವಲ್ಲ. ಅದಕ್ಕೆ ಹೂವಿಟ್ಟು ಪೂಜೆ ಮಾಡುತ್ತಾರೆ. ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಈಡು ಹೊಡೆಯುತ್ತಾರೆ, ಸತ್ತರೆ ಎರಡು. ನನ್ನಂಥ ಹೊರಗಿನ ಅಳಿಯನಿಗೆ ಇದೆಲ್ಲ ಅನುಮಾನದ ವಿಷಯವೇ. ಆ ವಾರ ಮನೆಯಲ್ಲಿ ಇನ್ನೊಂದು ಚರ್ಚೆ ನಡೆದಿತ್ತು. ಕಾಫಿ ತೋಟಕ್ಕೆ ಆನೆ, ಹಂದಿ ನುಗ್ಗುವುದು ಹೆಚ್ಚಾಗಿ, ದೇಚಮ್ಮನ ದೊಡ್ಡಪ್ಪನ ಮಗ ಗಣಪತಿ ಹೊಸ ಕೋವಿ ಕೊಳ್ಳಬೇಕೆಂದು ಹಟ ಹಿಡಿದಿದ್ದ. ಒಂದರ ಹಿಂದೊಂದು ಐದು ಹೊಡೆಯುವಂಥದ್ದು. ಮಾವ ಮುದ್ದಪ್ಪನವರ ಹತ್ತಿರ ಇದ್ದದ್ದು ಅವರ ಅಪ್ಪನ ಕಾಲದ ಜೋಡುನಳಿಗೆ ಕೋವಿ.

ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದೆವು. ಗಣಪತಿ ಮೊಬೈಲಿನಲ್ಲಿ ಹೊಸ ಕೋವಿಯ ಚಿತ್ರ ತೋರಿಸಿದ.

"ಐದು ಸಲ ಹೊಡಿಬಹುದು ಚಿಕ್ಕಪ್ಪ. ನಿಮ್ಮದರಲ್ಲಿ ಎರಡು ಹೊಡೆದ ಮೇಲೆ ಎಂತ ಮಾಡ್ತೀರಿ? ನಳಿಗೆ ಬಗ್ಗಿಸಿ ಬೇರೆ ತೋಟೆ ತುಂಬಿಸೋ ಹೊತ್ತಿಗೆ ಆನೆ ಕಾಫಿ ಕುಡಿದು ಹೋಗ್ತದೆ."

"ಐದು ಇದ್ದವನು ಗುರಿ ಇಡಲ್ಲ" ಎಂದರು ಮಾವ, ಚಿತ್ರವನ್ನು ನೋಡದೆ. "ಕೋವಿಯಲ್ಲಿ ಎರಡು, ಜೇಬಲ್ಲಿ ಒಂದು. ಅಷ್ಟೇ. ಒಂದು ಆಕಾಶಕ್ಕೆ, ಹೆದರಿಸೋದಕ್ಕೆ. ಇನ್ನೊಂದು, ಹೆದರದೆ ಮೇಲೆ ಬಂದ್ರೆ."

"ಜೇಬಿನದ್ದು ಯಾವುದಕ್ಕೆ?" ಎಂದು ಕೇಳಿದೆ.

"ಅದು ಹೊಡೆಯೋದಕ್ಕಲ್ಲ. ವಾಪಸ್ ಮನೆ ತನಕ ನಡೀಬೇಕಲ್ಲ, ಆ ಧೈರ್ಯಕ್ಕೆ."

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಕೈಯಲ್ಲಿ ಕೋವಿ ಇದ್ದವನು ಇಲ್ಲದವನಿಗಿಂತ ಹೆಚ್ಚು ಒಳಗೆ ಹೋಗುತ್ತಾನೆ, ತೋಟೆ ಹೆಚ್ಚಿದಷ್ಟೂ ಇನ್ನೂ ಒಳಗೆ. ಆದ್ದರಿಂದ ರಕ್ಷಣೆಗೆ ಎಷ್ಟು ತೋಟೆ ಬೇಕು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸೊನ್ನೆ ಎಂದು ವಾದಿಸಿದೆ. ಮಾವ ಪೂರ್ತಿ ಕೇಳಿಸಿಕೊಂಡರು.

"ಸೊನ್ನೆ ತಗೊಂಡು ನಾಳೆ ನೀವು ತೋಟದ ಕೆಳಗಿನ ಗದ್ದೆಗೆ ಹೋಗಿ ಬನ್ನಿ, ಆಮೇಲೆ ಮಾತಾಡೋಣ" ಎಂದರು. ಗಣಪತಿ ತೊಡೆ ತಟ್ಟಿಕೊಂಡು ನಕ್ಕ.

ಹುತ್ತರಿಯ ಸಂಜೆ ಹೊಸ ಭತ್ತದ ಕದಿರು ತೆಗೆಯಲು ಗದ್ದೆಗೆ ಹೋಗುವಾಗ ಚಳಿಯಿತ್ತು. ಮಾವ ತಮ್ಮ ಹಳೆಯ ಖಾಕಿ ಕೋಟನ್ನು ನನ್ನ ಹೆಗಲಿಗೆ ಹಾಕಿದರು. ಮೊಣಕೈಗೆ ಚರ್ಮದ ತೇಪೆ, ನಾಲ್ಕು ಜೇಬು, ಹೊಗೆಸೊಪ್ಪು ಮತ್ತು ಕೋವಿಯೆಣ್ಣೆಯ ವಾಸನೆ. ಅದು ನನಗೆ ಹಿಡಿಸಿತು. ಹೊರಡುವ ದಿನ, "ಬಹ್ರೇನಲ್ಲಿ ಚಳಿ ಇಲ್ವಾ?" ಎಂದು ಕೇಳಿದರು. ಜನವರಿಯಲ್ಲಿ ಸ್ವಲ್ಪ ಇರುತ್ತದೆ ಎಂದೆ. "ಹಾಗಾದ್ರೆ ತಗೊಂಡು ಹೋಗಿ" ಎಂದರು. ಕೋಟು ಸೂಟ್‌ಕೇಸಿಗೆ ಸೇರಿತು. ಸೇರಿಸಿದ್ದು ಯಾರು ಎಂಬುದರ ಮೇಲೆ ಮುಂದಿನ ನಾಲ್ಕು ತಿಂಗಳು ನಿಂತಿತ್ತು.

ಹೊರಡುವಾಗ ಯಾರ ಕಣ್ಣಿಗೂ ಬೀಳದ್ದು ಬಹ್ರೇನಿನಲ್ಲಿ ಇಳಿದಾಗ ಬಿತ್ತು. ಸೂಟ್‌ಕೇಸ್ ಯಂತ್ರದೊಳಗಿಂದ ಬಂದ ಮೇಲೆ ನನ್ನನ್ನು ಒಂದು ಕೋಣೆಗೆ ಕರೆದರು. ಅಧಿಕಾರಿ ಚಿಕ್ಕ ವಯಸ್ಸಿನವನು, ತುಂಬಾ ಮರ್ಯಾದೆಯವನು. ನೀರು ಕೊಟ್ಟ. ಕೋಟಿನ ಒಳಜೇಬಿನಿಂದ ತೆಗೆದದ್ದನ್ನು ಬಿಳಿ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದ. ಕೆಂಪು ಪ್ಲಾಸ್ಟಿಕ್ಕಿನ ಮೈ, ಹಿತ್ತಾಳೆಯ ತಳ. ಮಾವನ ಮೂರನೆಯ ತೋಟೆ.

"ಇದು ನಿಮ್ಮ ಚೀಲದಲ್ಲಿದೆ ಎಂದು ನಿಮಗೆ ಗೊತ್ತಿತ್ತೆ?" ಎಂದು ಕೇಳಿದ. ಪಕ್ಕದಲ್ಲಿದ್ದ ದುಭಾಷಿ ಅದನ್ನು ಹಿಂದಿಯಲ್ಲಿ ಹೇಳಿದ.

ಇಲ್ಲ ಎನ್ನಬೇಕಿತ್ತು. ಜಗತ್ತಿನ ಯಾವ ಮನುಷ್ಯನೂ ಇಲ್ಲ ಎನ್ನುತ್ತಿದ್ದ. ನಾನು ಯೋಚಿಸಿದೆ. ಗೊತ್ತಿರಲಿಲ್ಲ ಅನ್ನಿಸುತ್ತದೆ, ಆದರೆ ಖಚಿತವಾಗಿ ಹೇಳಲಾರೆ ಎಂದೆ. ಆ ಕ್ಷಣದಲ್ಲಿ ಅದು ಪ್ರಾಮಾಣಿಕತೆಯಂತೆ ಕಂಡಿತ್ತು. ಪಾಠದ ಕೋಣೆಯಲ್ಲಿ ಇಂಥ ಉತ್ತರಕ್ಕೆ ಅಂಕ ಸಿಗುತ್ತದೆ. ದುಭಾಷಿ ನನ್ನನ್ನು ಕನಿಕರದಿಂದ ನೋಡಿ, ಹೇಳಿದ್ದನ್ನು ಹೇಳಿದಂತೆಯೇ ಅರಬ್ಬಿಗೆ ತಿರುಗಿಸಿದ. ಅಧಿಕಾರಿ ಬರೆದುಕೊಂಡ. ಪಾಸ್‌ಪೋರ್ಟ್ ಒಳಗೆ ಹೋಯಿತು.

ಕಂಪೆನಿಯ ಜಾಮೀನಿನ ಮೇಲೆ ನನ್ನನ್ನು ಹೊರಗೆ ಕರೆತಂದವನು ಹಮೀದ್. ಸರಕಾರಿ ಕಚೇರಿಗಳಿಗೆ ನಮ್ಮ ಕಾಗದಪತ್ರ ಓಡಾಡಿಸುವ ಮಂದೂಬ್ ಅವನು. ಉಪ್ಪಿನಂಗಡಿಯ ಬ್ಯಾರಿ, ಇಪ್ಪತ್ತು ವರ್ಷದಿಂದ ಇಲ್ಲಿದ್ದಾನೆ. ಕಾರು ಪಾರ್ಕಿಂಗಿನಿಂದ ಹೊರಬೀಳುವ ತನಕ ತಡೆದುಕೊಂಡಿದ್ದ.

"ಎಂತ ಮಾರಾಯ್ರೆ ನೀವು! 'ಇಲ್ಲ' ಅಂತ ಒಂದು ಶಬ್ದ. ಒಂದೇ. ಅದಕ್ಕೆ ಡಿಗ್ರಿ ಬೇಕಾ?"

"ಗೊತ್ತಿಲ್ಲದ್ದನ್ನ ಹೇಗೆ ಹೇಳೋದು ಹಮೀದ್?"

"ಗೊತ್ತಿಲ್ಲ ಅಂತಲೇ ಹೇಳ್ಬೇಕಿತ್ತು ಸಾರ್! ನೀವು ಗೊತ್ತಿಲ್ಲದ್ದೂ ಗೊತ್ತಿಲ್ಲ ಅಂತ ಹೇಳಿ ಬಂದಿದ್ದೀರಿ." ಆಮೇಲೆ ಸಮಾಧಾನ ಮಾಡಿದ. "ಒಂದು ವಾರ. ಬೇಟೆಯ ತೋಟೆ, ಕೋವಿ ಇಲ್ಲ, ಏನಿಲ್ಲ. ಇನ್ಶಾ ಅಲ್ಲಾ ಒಂದು ವಾರದಲ್ಲಿ ಮುಗೀತದೆ."

ಒಂದು ವಾರದಲ್ಲಿ ಮುಗಿಯಲಿಲ್ಲ. ಕೇಸು ತೀರುವ ತನಕ ದೇಶ ಬಿಡುವ ಹಾಗಿಲ್ಲ ಎಂದಾಯಿತು. ಮನಾ ಸಫರ್ ಎನ್ನುತ್ತಾರೆ ಅದಕ್ಕೆ, ಪ್ರಯಾಣ ನಿಷೇಧ. ಯಾರೂ ಬಾಗಿಲು ಹಾಕಲಿಲ್ಲ. ಆಫೀಸಿಗೆ ಹೋಗುತ್ತಿದ್ದೆ, ಸಂಬಳ ಬರುತ್ತಿತ್ತು, ಕೆಳಗಿನ ಹೋಟೆಲಿನಲ್ಲಿ ನೀರುದೋಸೆ ಸಿಗುತ್ತಿತ್ತು. ಸಹೋದ್ಯೋಗಿಗಳು ನಾನು ಒಳಗೆ ಬಂದರೆ ಎರಡೂ ಕೈ ಮೇಲೆತ್ತಿ ಶರಣಾಗುವ ಆಟ ಆಡುತ್ತಿದ್ದರು. ಮೊದಲೆರಡು ವಾರ ನಾನೂ ನಕ್ಕೆ.

ಜನವರಿಯಲ್ಲಿ ಎರಡು ದಿನ ಮಳೆ ಬಂದು ರಸ್ತೆಗಳೆಲ್ಲ ಕೆರೆಯಾದವು. ಕೋಟು ಇದ್ದಿದ್ದರೆ ಹಾಕಿಕೊಳ್ಳಬಹುದಾದ ಚಳಿ. ಅದು ಸಾಕ್ಷಿಯಾಗಿ ಎಲ್ಲೋ ಕಪಾಟಿನಲ್ಲಿತ್ತು. ಆ ದಿನಗಳಲ್ಲಿ ಈ ದೇಶ ಎಷ್ಟು ಚಿಕ್ಕದು ಎಂದು ತಿಳಿಯಿತು. ಮೊದಲೂ ಚಿಕ್ಕದೇ ಇತ್ತು, ಆದರೆ ಬೇಕಾದಾಗ ಬಿಡಬಹುದಾದ ಜಾಗದ ಅಳತೆಯೇ ಬೇರೆ. ಶುಕ್ರವಾರ ಕಾರು ತೆಗೆದುಕೊಂಡು ಅವಾಲಿಯ ಕಡೆಗೆ, ಎಣ್ಣೆ ಸಾಗಿಸುವ ಪೈಪುಗಳ ಪಕ್ಕದಲ್ಲೇ ದಕ್ಷಿಣಕ್ಕೆ ಓಡಿಸುತ್ತಿದ್ದೆ. ರಸ್ತೆ ಮುಗಿಯುತ್ತಿತ್ತು. ಹಿದ್‌ಗೆ ಹೋದರೆ ಬಂದರಿನ ಬೇಲಿ, ಬೇಲಿಯಾಚೆ ಹೊರಡಲು ನಿಂತ ಹಡಗು. ಉಳಿದವರು ವಾರಾಂತ್ಯಕ್ಕೆ ಸೇತುವೆ ದಾಟಿ ಸೌದಿಗೆ ಹೋಗಿ ಬರುತ್ತಿದ್ದರು; ನಾನು ಸೇತುವೆಗೆ ಏರುವ ಮೊದಲಿನ ತಿರುವಿನ ತನಕ ಹೋಗಿ, ಇಂಡಿಕೇಟರ್ ಹಾಕಿ, ತಿರುಗಿಸಿಕೊಂಡು ಬರುತ್ತಿದ್ದೆ. ಯಾಕೆ ಹೋಗುತ್ತಿದ್ದೆ? ಬೋನಿನ ಇಲಿಯೂ ಕಂಬಿಯವರೆಗೆ ಹೋಗಿ ಮೂಸಿ ಬರುತ್ತದೆ.

ಉಳಿದ ಹೊತ್ತೆಲ್ಲ ನೆನಪಿನ ಕೆಲಸ. ಮುಂದಿನ ವಿಚಾರಣೆಯಲ್ಲಿ ಅದೇ ಪ್ರಶ್ನೆ ಬರುತ್ತದೆ. ಅಷ್ಟರೊಳಗೆ ನಾನೊಂದು ಗಟ್ಟಿ ಉತ್ತರ ಹುಡುಕಬೇಕು. ಕೋಟು ಮಡಚುವುದನ್ನು ಮನಸ್ಸಿನಲ್ಲಿ ಮತ್ತೆಮತ್ತೆ ನಡೆಸಿದೆ. ಒಂದು ನೆನಪಿನಲ್ಲಿ ನಾನೇ ಮಡಚುತ್ತಿದ್ದೇನೆ, ಒಳಜೇಬಿನಲ್ಲಿ ಏನೋ ದುಂಡಗಿನದು ಬೆರಳಿಗೆ ತಾಗುತ್ತದೆ, ಟಾರ್ಚಿನ ಸೆಲ್ ಎಂದುಕೊಂಡು ಬಿಡುತ್ತೇನೆ. ಇನ್ನೊಂದರಲ್ಲಿ ಮಾವ ಬಾಗಿಲಲ್ಲಿ ನಿಂತು "ಜೇಬು ನೋಡಿಕೊಳ್ಳಿ" ಎನ್ನುತ್ತಾರೆ. ಪ್ರತಿ ಸಲ ನೆನೆದಾಗಲೂ ಹಿತ್ತಾಳೆ ಇನ್ನಷ್ಟು ತಣ್ಣಗಾಗುತ್ತಿತ್ತು. ನೆನಪು ಹೀಗೆ ಉಜ್ಜಿದಷ್ಟೂ ಹೊಳೆಯುತ್ತದೆ, ಹೊಳೆಯುವುದಕ್ಕೂ ನಿಜಕ್ಕೂ ಸಂಬಂಧವಿಲ್ಲ ಎಂದು ಓದಿದ್ದೆ. ಓದಿದ್ದರಿಂದ ಏನೂ ಉಪಯೋಗವಾಗಲಿಲ್ಲ.

ದೇಚಮ್ಮನನ್ನು ಫೋನಿನಲ್ಲಿ ಕೇಳಿದೆ.

"ಪ್ಯಾಕ್ ಮಾಡಿದ್ದು ನಾನು, ಶ್ರೀಧರ" ಎಂದಳು. "ನೀನು ಆಗ ಗಣಪತಿ ಜೊತೆ ಕ್ರಿಕೆಟ್ ನೋಡ್ತಾ ಕೂತಿದ್ದೆ. ಜೇಬಲ್ಲಿದ್ದ ಕರ್ಚೀಫ್ ನಾನೇ ತೆಗೆದೆ. ಒಳಗೆ ಇನ್ನೊಂದು ಜೇಬಿದೆ ಅಂತ ಮರೆತೆ. ಅಪ್ಪ ಬಾಗಿಲಿಗೆ ಬರಲೇ ಇಲ್ಲ, ತೋಟದಲ್ಲಿದ್ರು."

"ನನಗೆ ಬೆರಳಿಗೆ ತಾಗಿದ್ದು ನೆನಪಿದೆ."

"ನಿನಗೆ ಏನು ಬೇಕಾದ್ರೂ ನೆನಪಿರುತ್ತೆ. ಹೋಗಿ ಇಲ್ಲ ಅನ್ನು."

"ತಾಗಿದ್ದು ನಿಜವಾಗಿದ್ರೆ?"

"ನನಗೆ ಎಂಟನೇ ತಿಂಗಳು" ಎಂದಳು. "ಕಾಲು ಊದಿಕೊಂಡು ಚಪ್ಪಲಿ ಹಿಡೀತಿಲ್ಲ. ನೀನು ಅಲ್ಲಿ ಕೂತು ನಿನ್ನ ಬೆರಳಿನ ವಿಚಾರಣೆ ಮಾಡು." ಫೋನ್ ಇಟ್ಟಳು.

ಮರುದಿನ ಮಾವ ಫೋನ್ ಮಾಡಿದರು. ಅವರು ಫೋನಿನಲ್ಲಿ ಎದುರು ಬೆಟ್ಟದಲ್ಲಿರುವವರಿಗೆ ಕೂಗಿದಂತೆ ಮಾತಾಡುತ್ತಾರೆ. "ತೋಟೆ ನಂದು. ಜೇಬು ನಂದು. ಕೋಟು ನಂದು. ಇದರಲ್ಲಿ ನಿಮ್ಮದು ಎಂತ ಉಂಟು ಹೇಳಿ? ಮೈ ಒಂದೇ. ನಾನು ಠಾಣೆಗೆ ಹೋಗಿ ನಂದು ಅಂತ ಬರೆದುಕೊಟ್ಟು ಬಂದಿದ್ದೇನೆ. ಅದು ಅಲ್ಲಿಗೆ ಬರ್ತದೆ. ನೀವು ಧೈರ್ಯವಾಗಿರಿ." ಬೇರೆ ಏನೂ ಹೇಳಲಿಲ್ಲ.

ಮಾರ್ಚ್ ಬಂತು, ಧೂಳಿನ ಗಾಳಿ ಬಂತು, ರಂಜಾನ್ ಬಂತು. ಕಚೇರಿಗಳ ಸಮಯ ಕಡಿಮೆಯಾಯಿತು. ಕೊನೆಗೆ ದಿನ ಗೊತ್ತಾಯಿತು. ಕೋರ್ಟಿಗೆ ಹೋಗುವ ದಾರಿಯುದ್ದಕ್ಕೂ ಹಮೀದ್ ಉಪವಾಸದ ಒಣಬಾಯಲ್ಲೇ ನನಗೆ ಅರಬ್ಬಿಯಲ್ಲಿ 'ಇಲ್ಲ' ಎನ್ನುವ ತಾಲೀಮು ಮಾಡಿಸಿದ.

"ಚೀಲದಲ್ಲಿ ಉಂಟು ಅಂತ ನಿಮಗೆ ಗೊತ್ತಿತ್ತಾ?"

"ಲಾ."

"ಗಟ್ಟಿಯಾಗಿ. ಇದು ಲಾ ಅಲ್ಲ, ಕೆಮ್ಮು."

"ಲಾ!"

"ಹಾಂ. ಈಗ ಬಾಯಿ ಮುಚ್ಚಿ. ನಿಮ್ಮ ತೊಂದರೆ ಅದೇ ಸಾರ್, ಲಾ ಹೇಳಿದ ಮೇಲೂ ಬಾಯಿ ತೆರೆದೇ ಇರ್ತದೆ. ಒಳಗಿಂದ ಇನ್ನೊಂದು ಬರ್ತದೆ ಅಂತ ಎಲ್ಲರೂ ಕಾಯ್ತಾರೆ."

ಕೋರ್ಟಿನಲ್ಲಿ ಪ್ರಶ್ನೆ ಹಮೀದ್ ಕೇಳಿದ ರೀತಿಯಲ್ಲೇ ಬಂತು. ಎದ್ದು ನಿಂತು ಕೇಳಿಸಿಕೊಂಡೆ. ಗೊತ್ತಿತ್ತೆ? ಬೆರಳಿಗೆ ತಾಗಿತ್ತೆ ಎಂದು ಅವರು ಕೇಳುತ್ತಿಲ್ಲ ಎಂಬುದು ಆಗ, ಅಷ್ಟು ತಿಂಗಳ ಮೇಲೆ, ತಲೆಗೆ ಹೋಯಿತು. ತಾಗುವುದು ಬೇರೆ, ಗೊತ್ತಿರುವುದು ಬೇರೆ. ತಾಗಿದ್ದೇ ನಿಜವಾದರೂ ನನಗೆ ಗೊತ್ತಾದದ್ದು ಟಾರ್ಚಿನ ಸೆಲ್. "ಲಾ" ಎಂದೆ. ಬಾಯಿ ಇನ್ನೂ ತೆರೆದಿತ್ತು. ಹಿಂದಿನ ಸಾಲಿನಲ್ಲಿ ಹಮೀದ್ ಕೆಮ್ಮಿದ. ಮುಚ್ಚಿದೆ.

ಆದರೆ ಊರಿನಿಂದ ಬಂದ ಮಾವನ ಹೇಳಿಕೆಯ ಅನುವಾದ ಇನ್ನೂ ಆಗಿರಲಿಲ್ಲ. ಹಬ್ಬ ಕಳೆದ ಮೇಲೆ ನೋಡೋಣ ಎಂದರು. ಹೆರಿಗೆ ಹಬ್ಬಕ್ಕೆ ಕಾಯುವುದಿಲ್ಲ ಎಂದು ಯಾರಿಗೆ ಹೇಳುವುದು? ಮೆಟ್ಟಿಲಿಳಿಯುವಾಗ ಮೊದಲ ಬಾರಿ ನನಗೆ ಅತ್ತುಬಿಡಬೇಕು ಅನ್ನಿಸಿತು. ಹಮೀದ್ ನನ್ನ ಕಡೆ ನೋಡದೆ ಕಾರಿನ ಬಾಗಿಲು ತೆಗೆದು, "ಇವತ್ತು ಸಂಜೆ ನನ್ನ ರೂಮಿಗೆ ಬನ್ನಿ, ಒಬ್ಬರೇ ಕೂತ್ಕೊಳ್ಬೇಡಿ" ಎಂದ. ಆಮೇಲೆ ದಿನಾ ಹೋದೆ.

ಮಗು ಹುಟ್ಟಿದ ಸಂಜೆ ಹೀಗಿತ್ತು. ಹಮೀದನ ಕೋಣೆಯಲ್ಲಿ ನೆಲಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಸುತ್ತ ನಾವು ಐದಾರು ಜನ. ಖರ್ಜೂರ, ಕಲ್ಲಂಗಡಿ, ಅವನೇ ಮಾಡಿದ ಗಂಜಿ. ಎಲ್ಲರೂ ಉಪವಾಸ ಬಿಡುವ ಹೊತ್ತಿಗೆ ಕಾಯುತ್ತಿದ್ದಾರೆ. ಫೋನ್ ಬಂತು, ಮಾವ.

"ಹೆಣ್ಣು ಮಗು" ಎಂದು ಕೂಗಿದರು. "ದೇಚು ಚೆನ್ನಾಗಿದ್ದಾಳೆ. ಇಬ್ಬರೂ ಚೆನ್ನಾಗಿದ್ದಾರೆ."

ಆಗ ಕೋವಿ ಸಿಡಿಯಿತು. ಒಂದು ಈಡು, ಗುಡ್ಡಕ್ಕೆ ಬಡಿದು ತಿರುಗಿ ಬರುವ ದನಿಯ ಸಮೇತ. ಹಿಂದೆಲ್ಲ ಗಂಡು ಹುಟ್ಟಿದರೆ ಮಾತ್ರ ಹೊಡೆಯುತ್ತಿದ್ದರಂತೆ. ತಾನು ಯಾವುದಾದರೂ ಹೊಡೆಯುವವನೇ ಎಂದು ಮಾವ ಹುತ್ತರಿಯಲ್ಲಿ ಹೇಳಿದ್ದರು. ಹೊಡೆದರು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಅತ್ತೆ. ಯಾರೋ ನನ್ನ ಬಾಯಿಗೆ ಖರ್ಜೂರ ಇಟ್ಟರು. ಇಡೀ ಆ ಕಾಲದಲ್ಲಿ ನನಗೆ ಅನುಮಾನವಿಲ್ಲದೆ ನೆನಪಿರುವ ಒಂದೇ ವಿಷಯ ಇದು.

ಹಬ್ಬ ಕಳೆಯಿತು. ಮಾವನ ಹೇಳಿಕೆ ಅರಬ್ಬಿಗೆ ಬಂತು. ತೋಟೆ ಸರಕಾರಕ್ಕೆ, ಎಚ್ಚರಿಕೆಯ ಮಾತು ನನಗೆ. ಪಾಸ್‌ಪೋರ್ಟ್ ಕೈಗೆ ಬಂತು. ಕೋಟನ್ನೂ ವಾಪಸ್ ಕೊಟ್ಟರು. ಹಮೀದ್ ಅದರ ನಾಲ್ಕೂ ಜೇಬನ್ನು, ಐದನೆಯ ಒಳಜೇಬನ್ನೂ ಹೊರಗೆಳೆದು ನಾಯಿಯ ಕಿವಿಯಂತೆ ಜೋಲಾಡಿಸಿ ನನ್ನ ಕೈಗಿತ್ತ. "ಹೀಗೇ ತಗೊಂಡು ಹೋಗಿ" ಎಂದ.

ಕೊಡಗಿನ ಮನೆ ಸೇರಿ ಮಗುವನ್ನು ಎತ್ತಿಕೊಂಡೆ. ಅದು ನನ್ನನ್ನು ನೋಡಿ ಆಕಳಿಸಿತು. ಸುತ್ತಲೂ ಎಲ್ಲರೂ ನಗುತ್ತಿದ್ದಾಗ ನನ್ನ ಕಣ್ಣು ಗೋಡೆಯ ಮೇಲೆ ಹೋಯಿತು. ಎರಡು ಮೊಳೆ ಮಾತ್ರ ಇದ್ದವು, ಕೋವಿ ಇರಲಿಲ್ಲ.

"ಕೋವಿ ಎಲ್ಲಿ ಮಾವ?"

"ಠಾಣೆಯಲ್ಲಿ" ಎಂದರು, ಹಾಲಿನ ಡೈರಿಯಲ್ಲಿ ಎನ್ನುವಂತೆ. "ತೋಟೆ ನಂದು ಅಂತ ಬರೆದುಕೊಡೋಕೆ ಹೋದೆನಲ್ಲ, ಕೇಸು ಮುಗಿಯೋ ತನಕ ಕೋವಿ ಇಲ್ಲಿರಲಿ ಅಂದ್ರು. ಮುಂದಿನ ವಾರ ಕೊಡ್ತಾರೆ."

"ಹಾಗಾದರೆ ಮಗು ಹುಟ್ಟಿದ ದಿನ ಈಡು ಹೊಡೆದದ್ದು?"

ಮಾವ ನನ್ನ ಮುಖ ನೋಡಿದರು. "ಯಾರು ಹೊಡೆದರು?"

"ನೀವು. ಫೋನಿನಲ್ಲಿ ಕೇಳಿದೆ."

ದೇಚಮ್ಮ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಅಪ್ಪ ನಿನಗೆ ಫೋನ್ ಮಾಡಿದ್ದು ಆಸ್ಪತ್ರೆ ಕಾರಿಡಾರಿನಿಂದ. ಅಲ್ಲಿ ಯಾರು ಕೋವಿ ಹೊಡೀತಾರೆ, ಮಂಗ? ಅಪ್ಪನಿಗೆ ಅದೇ ಬೇಜಾರಾಗಿತ್ತು. ನಿನಗೆ ಹೇಳಬೇಡ ಅಂದಿದ್ರು, ಇನ್ನೂ ಕೊರಗ್ತಾನೆ ಅಂತ."

ಗಣಪತಿಗೆ ಇನ್ನೂ ಹೊಸ ಕೋವಿ ಬಂದಿರಲಿಲ್ಲ. ಮಾವನ ಕೋವಿ ಠಾಣೆಯಲ್ಲಿ. ಅವರು ಹೇಳಿಕೆ ಕೊಟ್ಟ ದಿನದಿಂದ ಆ ಮನೆ, ಆ ಕಾಡಂಚಿನಲ್ಲಿ, ಸೊನ್ನೆ ತೋಟೆಯಲ್ಲಿ ಬದುಕಿತ್ತು. ಹಂದಿ ಬಂದರೆ ಮಾವ ತಟ್ಟೆ ಬಡಿಯುತ್ತಿದ್ದರಂತೆ. ನನ್ನ ವಾದ ಗೆದ್ದಿತ್ತು. ಅದನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹಮೀದನಿಗೆ ಫೋನ್ ಮಾಡಿ ಕೇಳಿದೆ. "ಅದು ಇಫ್ತಾರಿನ ಫಿರಂಗಿ ಸಾರ್" ಎಂದ. "ಟೀವಿ ನಿಮ್ಮ ತಲೆ ಮೇಲೇ ಇತ್ತಲ್ಲ. ನಿಮಗೆ ಫೋನ್ ಬಂದದ್ದೂ ಅದು ಹೊಡೆದದ್ದೂ ಒಟ್ಟಿಗೆ."

ಇರಬೇಕು. ಆದರೆ ಇವತ್ತಿಗೂ ಆ ದನಿಯನ್ನು ನೆನೆದರೆ ಅದರ ಹಿಂದೆ ಗುಡ್ಡವಿದೆ. ಟೀವಿಯಲ್ಲಿ ಗುಡ್ಡ ಎಲ್ಲಿಂದ ಬರಬೇಕು? ಬೆರಳಿಗೆ ತಾಗಿದ ಹಿತ್ತಾಳೆಯ ಕಥೆಯೂ ಇಷ್ಟೇ ಇರಬಹುದು ಎಂದು ಒಂದು ಮನಸ್ಸು ಹೇಳುತ್ತದೆ. ಹಾಗಾದರೆ ನಾಲ್ಕು ತಿಂಗಳು ನಾನು ಯಾವುದನ್ನು ಉಜ್ಜುತ್ತಾ ಕೂತಿದ್ದೆ?

ಹೋದ ವರ್ಷ ಮಾವ ತೀರಿಕೊಂಡರು. ಅವರದೇ ಜೋಡುನಳಿಗೆಯಿಂದ ಗಣಪತಿ ಎರಡು ಈಡು ಹೊಡೆದ. ನಾನು ಪಕ್ಕದಲ್ಲೇ ನಿಂತಿದ್ದೆ, ಹೊಗೆಯ ವಾಸನೆ ಬಟ್ಟೆಗೆ ಹಿಡಿಯಿತು. ಆ ಎರಡರ ಬಗ್ಗೆ ಯಾರನ್ನೂ ಕೇಳಬೇಕಾಗಿಲ್ಲ.

ಮಗಳು ಮುತ್ತುವಿಗೆ ಈಗ ಮೂರು ತುಂಬುತ್ತದೆ. ತಾನು ಹುಟ್ಟಿದಾಗ ತಾತ ಗುಂಡು ಹೊಡೆದರು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾಳೆ. ಹೇಳಿಕೊಟ್ಟದ್ದು ನಾನೇ. ದೇಚಮ್ಮ ತಿದ್ದುವುದಿಲ್ಲ.

ಈ ಸಲ ಬಂದ ಎರಡನೆಯ ದಿನ ಸಂಜೆ ಹಮೀದ್ ನನ್ನನ್ನು ಮುಹರಕ್ ಕಡೆಯ ಹಳೆಯ ಕೋಟೆಯ ಹತ್ತಿರ ಕರೆದುಕೊಂಡು ಹೋದ. ಅವನ ಗಡ್ಡ ಪೂರ್ತಿ ಬೆಳ್ಳಗಾಗಿದೆ. ಮಕ್ಕಳು ಅಪ್ಪಂದಿರ ಹೆಗಲೇರಿ ಕಾಯುತ್ತಿದ್ದರು. ನಾನು ಮನೆಗೆ ಫೋನ್ ಮಾಡಿ ಮುತ್ತುವಿಗೆ ಕೊಡಲು ಹೇಳಿದೆ.

"ಅಪ್ಪಾ, ನಾನು ಊಟ ಮಾಡಲ್ಲ."

"ಆಯ್ತು, ಈಗ ಸುಮ್ಮನೆ ಕೇಳು."

ಫೋನನ್ನು ಫಿರಂಗಿಯ ಕಡೆಗೆ ಚಾಚಿ ಹಿಡಿದೆ. ಹಮೀದ್ ಖರ್ಜೂರ ಹಿಡಿದ ಕೈಯನ್ನು ಬಾಯಿಯ ಹತ್ತಿರ ತಂದು ಕಾದ. ಸಿಡಿಯಿತು. ಎದೆಗೇ ಬಡಿಯಿತು. ಹಕ್ಕಿಗಳೆಲ್ಲ ನೀರಿನ ಮೇಲೆ ಎದ್ದವು. ಕೋಟೆಯ ಗೋಡೆಗೆ ತಾಗಿದ ದನಿ, ಗುಡ್ಡವಿಲ್ಲದ ಈ ಚಪ್ಪಟೆ ನಾಡಿನಲ್ಲೂ, ಒಮ್ಮೆ ತಿರುಗಿ ಬಂತು.

"ಕೇಳಿಸ್ತಾ?"

"ತಾತಂದು!" ಎಂದು ಕಿರುಚಿದಳು. "ಇನ್ನೊಂದು ಹೊಡಿಸಪ್ಪಾ."

"ಇಲ್ಲ ಪುಟ್ಟಾ" ಎಂದೆ. "ಹುಟ್ಟಿದವರಿಗೆ ಒಂದೇ."